‘ಇನ್ನೂ ಓದೋದೇನಾ?’ ಅಂತ ಕೇಳೋ ಮುಂಚೆ

ನಮ್ಮ ಕಡೆ ಹುಡುಗಿ ಕಂಪ್ಯೂಟರ್ ಓದವ್ಳೆ ಅಂದ್ರೆ ಮುಂದಿನ ದಾರಿ ಎಲ್ರಿಗೂ ಗೊತ್ತು. ಬಂಗಾರಪೇಟೆಗೆ ಹೋಗಿ ಬೆಳಗ್ಗೆ ರೈಲು ಹತ್ತೋದು, ಬೆಂಗಳೂರಲ್ಲಿ ಕಂಪನಿ ಕೆಲ್ಸ, ಎರಡು ವರ್ಷ ಸಂಬಳ, ಆಮೇಲೆ ಗಂಡು ನೋಡೋದು. ಈ ದಾರೀಲಿ ತಪ್ಪೇನಿಲ್ಲ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಒಲೆ ಉರೀತಿರೋದು ಆ ರೈಲಿನಿಂದಲೇ. ಆದ್ರೆ ಅದೇ ಹುಡುಗಿ “ಕಂಪನಿಗೆ ಹೋಗಲ್ಲ, ಸಂಶೋಧನೆ ಮಾಡ್ತೀನಿ” ಅಂದ್ಲೋ, ಮನೆಯವ್ರದ್ದೂ ಬೀದಿಯವ್ರದ್ದೂ ಒಂದೇ ಮಾತು: “ಇನ್ನೂ ಓದೋದೇನಾ?”

ಈಗ ನಮ್ಮ ಓರಗಿತ್ತಿ ಮಗಳ ವಿಷಯದಲ್ಲಿ ಇದೇ ನಡೀತಾ ಐತೆ. ಬಿಇ ಮುಗಿಸವ್ಳೆ, ಗೇಟ್ ಪರೀಕ್ಷೆ ಬರೆದವ್ಳೆ, ಪ್ರೋಗ್ರಾಮಿಂಗ್ ಭಾಷೆಗಳ ಮೇಲೆ ಪಿಎಚ್‌ಡಿ ಮಾಡ್ಬೇಕು ಅಂತ ಹಟ ಹಿಡಿದವ್ಳೆ. ಅತ್ತೆಮ್ಮನಿಂದ ಹಿಡಿದು ಪಕ್ಕದ ಮನೆಯವ್ರ ತನಕ ಎಲ್ರೂ ಒಂದೊಂದು ಹೇಳಾಯ್ತು. ನನ್ನ ಮಾತೂ ಹೇಳ್ಬಿಡ್ತೀನಿ: ಕಳಿಸೋಣ. ಯಾಕೆ ಅಂತ ಸ್ವಲ್ಪ ಕೇಳ್ರಮ್ಮ.

ಮೊದ್ಲು ಅದು ಎಂಥಾ ಕೆಲ್ಸ ಅಂತ ತಿಳ್ಕೊಳ್ಳೋಣ. ನಾವು ಮನೇಲಿ ಕನ್ನಡ ಆಡ್ತೀವಿ, ಸಂತೇಲಿ ತೆಲುಗು, ಕೆಜಿಎಫ್‌ಗೆ ಹೋದ್ರೆ ತಮಿಳು. ಸಂಬಂಧ ಮಾತಾಡೋವಾಗ ಆ ಕಡೆಯವ್ರಿಗೆ ಕನ್ನಡ ಬರದಿದ್ರೆ ನಡುವೆ ಒಬ್ರು ಕೂತು ಇಬ್ರಿಗೂ ತಿಳಿಯಂಗೆ ಹೇಳ್ತಾರಲ್ಲ, ಅವ್ರು ಒಂದು ಮಾತು ತಪ್ಪು ಹೇಳಿದ್ರೆ ಸಂಬಂಧವೇ ಕೆಟ್ಟುಹೋಗ್ತದೆ. ಕಂಪ್ಯೂಟರ್‌ನಲ್ಲೂ ಅಂಗೇ. ಮನುಷ್ಯರು ಒಂದು ಭಾಷೇಲಿ ಬರೀತಾರೆ, ಯಂತ್ರಕ್ಕೆ ಅದರದ್ದೇ ಭಾಷೆ. ನಡುವೆ ಕೂತು ಅರ್ಥ ಕೆಡದಂಗೆ ದಾಟಿಸೋ ಪ್ರೋಗ್ರಾಮಿಗೆ ಕಂಪೈಲರ್ ಅಂತಾರೆ. ಇಂಥಾ ದಾರಿ ಮೊದಲು ತೋರಿಸಿದವ್ರಲ್ಲಿ ಒಬ್ರು ಅಮೆರಿಕದ ಗ್ರೇಸ್ ಹಾಪರ್ ಅನ್ನೋ ಹೆಂಗಸು, 1952ರಲ್ಲಿ.

ಇನ್ನೊಂದು ಭಾಗ ಪ್ರೋಗ್ರಾಮಿನ ತಪ್ಪು ಹುಡುಕೋದು. ಅದೂ ಎಂಗೆ? ಪ್ರೋಗ್ರಾಮನ್ನ ಓಡಿಸದೇನೇ, ಬರೆದಿರೋದನ್ನ ಓದಿ. ಮದ್ವೆ ಮನೇಲಿ ಸಾಮಾನು ಚೀಟಿ ಓದ್ತಿದ್ದಂಗೇ ಹಿರಿಯರು “ಐನೂರು ಜನಕ್ಕೆ ಈ ಪಾತ್ರೆ ಸಾಲಲ್ಲ” ಅಂತ ಒಲೆ ಹಚ್ಚೋಕೆ ಮುಂಚೆಯೇ ಹೇಳ್ತಾರಲ್ಲ, ಅದೇ ವಿದ್ಯೆ. ಅನ್ನ ಬೆಂದೈತಾ ಅಂತ ನೋಡೋಕೆ ಒಂದು ಅಗುಳು ಸಾಕು. ಪ್ರೋಗ್ರಾಮಿಗೆ ಅದು ಸಾಲಲ್ಲ. ನೂರು ಸಲ ಸರಿಯಾಗಿ ನಡೆದಿದ್ದು ನೂರಾ ಒಂದನೇ ಸಲ ಕೈ ಕೊಡ್ತದೆ.

ಕೈ ಕೊಟ್ರೆ ಏನಾಗ್ತದೆ ಅನ್ನೋದಕ್ಕೆ 1996ರ ಜೂನ್ 4 ನೋಡಿ. ಯುರೋಪಿನವ್ರ ಏರಿಯಾನ್ 5 ರಾಕೆಟ್ ಮೊದಲ ಸಲ ಹಾರ್ತು. ನಲವತ್ತು ಸೆಕೆಂಡು ಆಗೋದ್ರೊಳಗೆ ಆಕಾಶದಲ್ಲೇ ಚೂರು ಚೂರಾಯ್ತು. ಕಾರಣ ಬೆಂಕಿಯಲ್ಲ, ಎಣ್ಣೆಯಲ್ಲ. ಹಳೇ ರಾಕೆಟ್ಟಿನ ಪ್ರೋಗ್ರಾಮಿನ ಒಂದು ತುಂಡನ್ನ ಅಂಗೇ ತಂದು ಹಾಕಿದ್ರು. ಹೊಸ ರಾಕೆಟ್ಟಿನ ವೇಗ ಜಾಸ್ತಿ. ಲೆಕ್ಕದಲ್ಲಿ ಬಂದ ದೊಡ್ಡ ಸಂಖ್ಯೆಗೆ ಅದನ್ನಿಡೋಕೆ ಕೊಟ್ಟಿದ್ದ ಜಾಗ ಸಾಲಲಿಲ್ಲ. ಬಿಂದಿಗೆ ನೀರನ್ನ ಚೊಂಬಿಗೆ ಸುರಿದಂಗೆ. ಓಡಿಸಿ ನೋಡಿದ ಲೆಕ್ಕದಲ್ಲಿ ಇದು ಸಿಕ್ಕಿರಲಿಲ್ಲ.

ಇಂಥದ್ದನ್ನ ಮೊದ್ಲೇ ಹಿಡಿಯೋ ಒಂದು ದಾರಿಯನ್ನ ಫ್ರಾನ್ಸ್‌ನಲ್ಲಿ ಪ್ಯಾಟ್ರಿಕ್ ಕುಸೋ, ರಾಧಿಯಾ ಕುಸೋ ಅನ್ನೋ ಗಂಡ ಹೆಂಡ್ತಿ 1977ರಲ್ಲೇ ಬರೆದಿಟ್ಟಿದ್ರು. ಅವ್ರ ವಿದ್ಯೆ ನಮ್ಮ ಮನೆ ಲೆಕ್ಕದ ತರಾನೇ ಐತೆ. ಈ ತಿಂಗಳ ಖರ್ಚು ಪೈಸೆ ಪೈಸೆ ಗೊತ್ತಾಗಬೇಕಿಲ್ಲ. ಹತ್ತು ಸಾವಿರಕ್ಕೆ ಕಮ್ಮಿಯಿಲ್ಲ, ಹನ್ನೆರಡಕ್ಕೆ ಮೇಲೆ ಹೋಗಲ್ಲ ಅಂತ ಗಟ್ಟಿಯಾಗಿ ಗೊತ್ತಿದ್ರೆ, ಕೈಲಿ ಹದಿನೈದು ಸಾವಿರ ಇದ್ರೆ, ಸಾಲ ಆಗಲ್ಲ ಅಂತ ಈಗಲೇ ಹೇಳ್ಬೋದು. ಅಂಗೇ ಪ್ರೋಗ್ರಾಮಿನ ಒಂದೊಂದು ಸಂಖ್ಯೆಯೂ ಎಲ್ಲಿಂದ ಎಲ್ಲಿವರೆಗೆ ಹೋಗ್ಬೋದು ಅಂತ ಎಲ್ಲೆ ಹಾಕ್ಕೊಂಡು ನೋಡೋದು. ಕಾಗದದ ಮೇಲಿದ್ದ ಈ ವಿದ್ಯೆ 2003ರಲ್ಲಿ ಏರ್‌ಬಸ್ ಎ340 ವಿಮಾನ ನಡೆಸೋ ಪ್ರೋಗ್ರಾಮನ್ನ ಪರೀಕ್ಷೆ ಮಾಡೋಕೆ ಬಂತು. ನಡುವೆ ಇಪ್ಪತ್ತಾರು ವರ್ಷ. ಅಷ್ಟು ವರ್ಷ ಅವ್ರನ್ನೂ ಯಾರೋ “ಇನ್ನೂ ಓದೋದೇನಾ” ಅಂತ ಕೇಳಿರ್ಬೇಕು.

ಇದೆಲ್ಲ ದೂರದ ದೇಶದ ಮಾತು ಅನ್ಬೇಡಿ. ಬೆಂಗಳೂರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿ ಪ್ರೀತಿ ಶಂಕರ್ ಅಂತ ಪ್ರೊಫೆಸರ್ ಇದ್ರು. 1968ರಲ್ಲಿ ದೆಹಲಿ ಐಐಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಬಿ.ಟೆಕ್ ಪಡೆದ ಮೊದಲ ಹೆಣ್ಣುಮಗಳು ಅವ್ರು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1972ರಲ್ಲಿ ಪಿಎಚ್‌ಡಿ ಮುಗಿಸಿ, ಅಲ್ಲೇ ಉಳೀದೆ ಬೆಂಗಳೂರಿಗೆ ಬಂದು ಪಾಠ ಹೇಳಿದ್ರು. ಕಂಪೈಲರ್ ಅವ್ರ ವಿಷಯ. ಅದೇ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಜೊತೆ ಸೇರಿ ಕಂಪೈಲರ್ ಬಗ್ಗೆ ದೊಡ್ಡ ಕೈಪಿಡಿಯೊಂದನ್ನ ಸಂಪಾದಿಸಿದ್ರು. ಅದು ಹೊರದೇಶದಲ್ಲೇ ಅಚ್ಚಾಯ್ತು. 2011ರಲ್ಲಿ ತೀರಿಕೊಂಡ್ರು. ನಮ್ಮೂರಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಇಂಥಾ ಹೆಂಗಸೊಬ್ರು ಇದ್ರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸಿನಿಮಾದವ್ರ ಮನೆ ನಾಯಿ ಹೆಸರು ಗೊತ್ತಿರ್ತದೆ ನಮಗೆ.

ಕಂಪನಿಗಳಲ್ಲೂ ಈ ಕೆಲ್ಸ ಐತೆ. ಶ್ರೀರಾಮ್ ರಾಜಮಣಿ ಅನ್ನೋರು ಥಾಮಸ್ ಬಾಲ್ ಜೊತೆ ಸೇರಿ ಮೈಕ್ರೋಸಾಫ್ಟ್‌ನಲ್ಲಿ ಒಂದು ಸಾಧನ ಮಾಡಿದ್ರು. ಪ್ರಿಂಟರ್, ಕೀಬೋರ್ಡ್ ಇಂಥದ್ದನ್ನ ಕಂಪ್ಯೂಟರ್‌ಗೆ ಜೋಡಿಸೋ ಪ್ರೋಗ್ರಾಮುಗಳಲ್ಲಿ ತಪ್ಪು ಹಿಡಿಯೋ ಸಾಧನ. ಆಮೇಲೆ ಅವ್ರು ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಮುಖ್ಯಸ್ಥರೂ ಆದ್ರು. ಪಿಎಚ್‌ಡಿ ಮಾಡಿದ್ರೆ ಮೇಷ್ಟ್ರಾಗೋದೊಂದೇ ಗತಿ ಅನ್ನೋದೂ ಸುಳ್ಳು.

ಈಗ ದುಡ್ಡಿನ ಮಾತಿಗೆ ಬರೋಣ, ನಿಜವಾದ ಜಗಳ ಇರೋದೇ ಅಲ್ಲಿ. ಪಿಎಚ್‌ಡಿ ಅಂದ್ರೆ ನಾವು ಫೀಸು ಕಟ್ಟಿ ಓದ್ಸೋದು ಅಂತ ಎಷ್ಟೋ ಜನ ತಿಳ್ಕೊಂಡವ್ರೆ. ಇಂಥಾ ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಫೆಲೋಶಿಪ್ ಅಂತ ತಿಂಗಳು ತಿಂಗಳು ದುಡ್ಡು ಕೊಡ್ತಾರೆ. 2023ರ ಜನವರಿಯಿಂದ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಕಂಪನಿ ಸಂಬಳದಷ್ಟು ಇರಲ್ಲ, ಒಪ್ತೀನಿ. ಆದ್ರೆ ಇದು ಖರ್ಚಲ್ಲ, ದುಡಿಮೆ.

ಕಷ್ಟ ಇಲ್ವಾ? ಐತೆ. ಐದು ವರ್ಷ ಅಂತ ಹೋದದ್ದು ಆರು ಆಗ್ಬೋದು. ಹಿಡಿದ ಪ್ರಶ್ನೆ ಬಗೆಹರೀದೇ ವರ್ಷವೇ ಹಾಳಾಗ್ಬೋದು. ನಡುವೆ ಬಿಟ್ಟು ಬರೋರೂ ಉಂಟು. ಮುಗಿಸೋ ಹೊತ್ತಿಗೆ ವಯಸ್ಸು ಇಪ್ಪತ್ತೇಳು ಇಪ್ಪತ್ತೆಂಟು ಆಗ್ತದೆ, ಮದ್ವೆ ಮಾತು ಕಷ್ಟ ಅಂತ ಅತ್ತೆಮ್ಮ ಹೇಳೋದು ಸುಳ್ಳಲ್ಲ. ಮನೆ ಮೇಲೆ ಸಾಲ ಇದ್ದು, ಅವ್ಳ ಸಂಬಳ ಬಂದ್ರೇನೇ ತೀರೋದು ಅಂದ್ರೆ ಅದು ಬೇರೆ ಮಾತು. ಅಂಗಿದ್ರೆ “ಸಾಲ ಐತೆ ಕಣಮ್ಮ, ಎರಡು ವರ್ಷ ಕೈ ಹಿಡಿ” ಅಂತ ನೇರವಾಗಿ ಕೇಳಿ. ಅಮೆರಿಕದ ಫ್ರಾನ್ಸೆಸ್ ಅಲೆನ್ ಹೊಲ ಉಳೋ ಮನೆಯ ಮಗಳು. ಓದಿನ ಸಾಲ ತೀರ್ಸೋಕೆ ಅಂತ 1957ರಲ್ಲಿ ಐಬಿಎಂ ಕೆಲ್ಸಕ್ಕೆ ಸೇರಿದ್ಲು. ತೀರಿದ ಮೇಲೆ ಟೀಚರ್ ಆಗ್ತೀನಿ ಅಂತಿದ್ದೋಳು ಕಂಪೈಲರ್ ಸಂಶೋಧನೇಲೇ ಉಳಿದು, ಕಂಪ್ಯೂಟರ್ ಲೋಕದ ಅತಿ ದೊಡ್ಡ ಟ್ಯೂರಿಂಗ್ ಪ್ರಶಸ್ತಿ ಪಡೆದ ಮೊದಲ ಹೆಂಗಸಾದ್ಲು, 2006ರ ಪ್ರಶಸ್ತಿ ಅದು. ಸಾಲ ತೀರ್ಸೋದೂ ಮರ್ಯಾದೆಯ ಕೆಲ್ಸವೇ. ಆದ್ರೆ ದುಡ್ಡಿನ ಕಷ್ಟ ಮುಚ್ಚಿಟ್ಟು “ಆ ಓದು ದಂಡ” ಅಂತ ಮಗೂಗೆ ಹೇಳೋದು ಸರಿಯಲ್ಲ. ಇನ್ನೊಂದು ಕೇಳ್ತೀನಿ, ಸಿಟ್ಟಾಗ್ಬೇಡಿ: ಇದೇ ಸೀಟು ಗಂಡು ಹುಡುಗನಿಗೆ ಸಿಕ್ಕಿದ್ರೆ ವಯಸ್ಸಿನ ಲೆಕ್ಕ ಹಾಕ್ತಿದ್ರಾ? ಬೀದಿಗೆಲ್ಲ ಮೈಸೂರ್‌ಪಾಕ್ ಹಂಚ್ತಿರ್ಲಿಲ್ವಾ?

“ಇದ್ರಿಂದ ನಮಗೇನು ಉಪಯೋಗ” ಅನ್ನೋರಿಗೆ ನಮ್ಮ ಮಗ್ಗುಲಲ್ಲೇ ಉತ್ತರ ಐತೆ. ಕೆಜಿಎಫ್ ಚಾಂಪಿಯನ್ ರೀಫ್ ಗಣೀಲಿ ಎಲ್ರೂ ಚಿನ್ನ ತೆಗೀತಿದ್ದಾಗ, ಎರಡು ಕಿಲೋಮೀಟರಿಗೂ ಆಳದಲ್ಲಿ ಕೆಲವು ವಿಜ್ಞಾನಿಗಳು ಕಣ್ಣಿಗೆ ಕಾಣದ ನ್ಯೂಟ್ರಿನೋ ಕಣ ಹುಡುಕ್ತಾ ಕೂತಿದ್ರು. 1965ರಲ್ಲಿ ವಾತಾವರಣದಿಂದ ಬರೋ ನ್ಯೂಟ್ರಿನೋ ಗುರುತನ್ನ ಹಿಡಿದೂ ಹಿಡಿದ್ರು. ಚಿನ್ನ ಮುಗೀತು, ಗಣಿ ಮುಚ್ತು. ಆ ಹೆಸರು ಮಾತ್ರ ವಿಜ್ಞಾನದ ಪುಸ್ತಕದಲ್ಲಿ ಉಳೀತು.

ನಮ್ಮೂರ ಕೆರೆ ನೀರೇ ನೋಡಿ. ಪಾಲಾರ್ ನೀರು ಇಲ್ಲಿ ನಿಂತು, ಇಲ್ಲೇ ಶುದ್ಧವಾಗಿ, ಗಣಿ ಊರಿನ ನಲ್ಲಿಗೆ ಹೋಗ್ತಿತ್ತು. ಅಲ್ಲಿ ಬಿಂದಿಗೆ ಹಿಡಿದೋರಿಗೆ ಇಲ್ಲಿ ವಾಟರ್ ವರ್ಕ್ಸಿನಲ್ಲಿ ನಿಂತು ದುಡಿದೋರ ಮುಖ ಗೊತ್ತಿರ್ಲಿಲ್ಲ. ಇಂದು ನಮ್ಮ ಬ್ಯಾಂಕು, ರೇಷನ್ನು, ಆಸ್ಪತ್ರೆ, ರೈಲು ಟಿಕೆಟ್ಟು ಎಲ್ಲ ಪ್ರೋಗ್ರಾಮಿನ ಮೇಲೆ ನಡೀತಾ ಐತೆ. ನಲ್ಲಿಗೆ ಬರೋ ಮುಂಚೆ ಅದನ್ನ ಸೋಸೋಕೂ ಯಾರೋ ಇರ್ಬೇಕಲ್ವಾ? ನಮ್ಮ ಮನೆ ಹುಡುಗಿಯೇ ಯಾಕಿರ್ಬಾರ್ದು?

ಅದ್ಕೆ, ಕಳಿಸೋ ಮುಂಚೆ ಕೇಳೋದಿದ್ರೆ ಕೇಳ್ಬೇಕಾದ್ದನ್ನ ಕೇಳಿ. ಗೈಡ್ ಯಾರು, ಅವ್ರ ಹತ್ರ ಮುಂಚೆ ಇದ್ದ ಹುಡುಗೀರು ಎಷ್ಟು ವರ್ಷಕ್ಕೆ ಮುಗಿಸಿದ್ರು, ಈಗ ಎಲ್ಲವ್ರೆ? ಫೆಲೋಶಿಪ್ ಎಷ್ಟು ವರ್ಷ ಬರ್ತದೆ, ಹಾಸ್ಟೆಲ್ ಕೊಡ್ತಾರಾ? ಇದಕ್ಕೆಲ್ಲ ಸರಿಯಾದ ಉತ್ತರ ಬಂದ್ರೆ ಬ್ಯಾಗು ಕಟ್ಕೊಡಿ, ಜೊತೆಗೆ ಒಂದು ಡಬ್ಬ ಚಟ್ನಿಪುಡಿ ಹಾಕಿ. ಹಬ್ಬಕ್ಕೆ ಮನೆಗೆ ಬಂದಾಗ “ಯಾವಾಗಮ್ಮ ಮುಗಿಯೋದು?” ಅನ್ನೋದು ಬಿಟ್ಟು “ಈ ವರ್ಷ ಏನು ಕಂಡುಹಿಡಿದೆ, ನಮಗೂ ಹೇಳು” ಅಂತ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಅರ್ಧ ಅರ್ಥ ಆದ್ರೂ ಸಾಕು.