ಎತ್ತಿಗೂ ಸೋಮವಾರ ರಜೆ

ಮೂರು ವಾರದಿಂದ ನನ್ನ ಓಟದ ಶೂ ಬಾಗಿಲ ಪಕ್ಕ ಧೂಳು ತಿನ್ನುತ್ತಾ ಕೂತಿದೆ. ಬಲಗಾಲಲ್ಲಿ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು. ಸ್ಟ್ರೆಸ್ ಫ್ರಾಕ್ಚರ್ ಅಂದ್ರು ಡಾಕ್ಟರು. ನಾನು ಬಿದ್ದಿಲ್ಲ, ಎಡವಿಲ್ಲ. ಮಾಡಿದ ತಪ್ಪು ಒಂದೇ, ನಲವತ್ತು ದಿನ ಒಂದು ದಿನವೂ ಬಿಡದೆ ಓಡಿದ್ದು. ಹೆಸರು ನೋಂದಾಯಿಸಿದ್ದ 10 ಕಿಲೋಮೀಟರ್ ಓಟ ನನ್ನನ್ನು ಬಿಟ್ಟೇ ನಡೆದುಹೋಯಿತು.

ಒಂದು ದಿನ ತಪ್ಪಿಸಿದರೆ ಸೋಮಾರಿತನ ಅನ್ನೋ ಭಾವನೆ ನಮ್ಮಲ್ಲಿ ಬಹಳ ಜನಕ್ಕಿದೆ. ನನಗೂ ಇತ್ತು. ಮೂವತ್ತನೇ ದಿನದಿಂದಲೇ ಕಾಲು ನೋಯುತ್ತಿತ್ತು. ಆದರೆ ಏದುಸಿರು ಬರುತ್ತಿರಲಿಲ್ಲವಲ್ಲ, ಹಾಗಾಗಿ ಎಲ್ಲ ಸರಿಯಿದೆ ಅಂದುಕೊಂಡೆ. ಮೋಸ ಇರೋದೇ ಇಲ್ಲಿ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಪಳಗುತ್ತವೆ. ಮೂಳೆಗೆ ಅಷ್ಟು ಅವಸರ ಇಲ್ಲ. ಪೆಟ್ಟು ತಿಂದ ಹಳೆಯ ಭಾಗವನ್ನು ದೇಹ ಮೊದಲು ಕೆರೆದು ತೆಗೆಯುತ್ತೆ, ಆಮೇಲೆ ಹೊಸದನ್ನು ಕಟ್ಟುತ್ತೆ. ಕೆರೆಯೋಕೆ ವಾರಗಳು ಸಾಕು, ಕಟ್ಟೋಕೆ ತಿಂಗಳುಗಳು ಬೇಕು. ಈ ನಡುವೆ ದಿನಾ ಓಡಿದರೆ ಅಗೆದ ರಸ್ತೆ ಮುಚ್ಚೋ ಮೊದಲೇ ಲಾರಿ ಬಿಟ್ಟ ಹಾಗೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ :-)

ಒಂದು ಮೈಲಿಯನ್ನು 4 ನಿಮಿಷದೊಳಗೆ ಓಡಿದ ಮೊದಲಿಗ ರೋಜರ್ ಬ್ಯಾನಿಸ್ಟರ್ ಕಥೆ ನೋಡಿ. 1954ರ ಏಪ್ರಿಲ್‌ನಲ್ಲಿ ಆತ ಎಷ್ಟೇ ಒದ್ದಾಡಿದರೂ ಅಭ್ಯಾಸದ ಕಾಲು ಮೈಲಿ ಸುತ್ತುಗಳು 61 ಸೆಕೆಂಡಿಗಿಂತ ಕೆಳಗೆ ಇಳಿಯಲಿಲ್ಲ. ಆಗ ಇನ್ನೂ ಜಾಸ್ತಿ ಓಡಿದನಾ? ಇಲ್ಲ. ಓಟ ಬಿಟ್ಟು ಗೆಳೆಯನ ಜೊತೆ ಸ್ಕಾಟ್ಲೆಂಡಿಗೆ ಬೆಟ್ಟ ಹತ್ತೋಕೆ ಹೋದ! ಕೆಲವು ದಿನ ಬಿಟ್ಟು ಬಂದು ಓಡಿದರೆ ಅದೇ ಸುತ್ತು 59 ಸೆಕೆಂಡು. ಮೇ 6ರಂದು ಮೈಲಿ ಮುಗಿಸಿದ್ದು 3 ನಿಮಿಷ 59.4 ಸೆಕೆಂಡಿನಲ್ಲಿ.

ಒಂದು ದಿನದ ರಜೆಯಿಂದ ಮೂಳೆ ಪೂರ್ತಿ ಗಟ್ಟಿಯಾಗಿಬಿಡಲ್ಲ, ನಿಜ. ಆದರೆ ಪ್ರತಿ ವಾರ ಸಿಗುವ ಆ ಬಿಡುವು ಸೇರುತ್ತಾ ಹೋಗುತ್ತೆ. ಅದಕ್ಕೇ ನಾನು ಹೇಳೋದು, ರಜೆ ಅಭ್ಯಾಸಕ್ಕೆ ಅಡ್ಡಿಯಲ್ಲ, ಅಭ್ಯಾಸದ್ದೇ ಒಂದು ಭಾಗ. ಒಂದೇ ಜಾಗದಲ್ಲಿ ಒತ್ತಿದರೆ ನೋಯುತ್ತಿದೆಯಾ? ಅವತ್ತೇ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಊರಿಂದ ಫೋನ್ ಮಾಡಿದ್ದ ಅಪ್ಪ ಎಲ್ಲ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: "ಸೋಮವಾರ ಎತ್ತಿಗೂ ನೊಗ ಹಾಕಲ್ಲ ಕಣೋ, ಅಷ್ಟೂ ಗೊತ್ತಾಗಲಿಲ್ವಾ?"

ಕಾಲು ವಾಸಿಯಾದ ಮೇಲೆ ನನಗೂ ಸೋಮವಾರ ರಜೆ. ನಿಮ್ಮದು ಯಾವ ವಾರ?