ಸದ್ದು ಯಾವ ಪೆಟ್ಟಿಗೆಯಲ್ಲಿದೆ?

ಪರೀಕ್ಷೆ ಮುಗಿದು ರಜೆ ಬಂತು. ಮಗಳು ಕೀಬೋರ್ಡ್ ಬೇಕೆಂದಳು. ತಂದೆ ಅಲ್ಲಿ ಇಲ್ಲಿ ಹುಡುಕಿ, ಕಡಿಮೆ ಬೆಲೆಗೆ ಸಿಕ್ಕ ಚಂದದ ಪೆಟ್ಟಿಗೆಯೊಂದನ್ನು ತರಿಸಿದರು. ಮನೆಮಂದಿಯೆಲ್ಲ ಸುತ್ತ ಕುಳಿತರು. ವೈರು ಚುಚ್ಚಿದ್ದಾಯಿತು, ಬಣ್ಣಬಣ್ಣದ ದೀಪ ಹತ್ತಿದ್ದೂ ಆಯಿತು. ಮಗಳು ಕೀ ಒತ್ತಿದಳು. ಸದ್ದೇ ಇಲ್ಲ! ಅಂಗಡಿಗೆ ಫೋನ್ ಮಾಡಿದರೆ ಬಂದ ಉತ್ತರ: 'ಸಾರ್, ಅದರಲ್ಲಿ ಸದ್ದು ಇರೋದಿಲ್ಲ. ಅದು ಮಿಡಿ ಕೀಬೋರ್ಡು.'

ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಒಂದೇ ಹೆಸರಿನಲ್ಲಿ ಮೂರು ಬಗೆಯ ವಸ್ತುಗಳು ಮಾರಾಟವಾಗುತ್ತಿರುವುದೇ ತೊಂದರೆಯ ಮೂಲ. ಈ ಮೂರರ ವ್ಯತ್ಯಾಸ ತಿಳಿದರೆ ಅರ್ಧ ಹಣ ಉಳಿದಂತೆ.

ಮೊದಲನೆಯದು, ಆರ್ಕೆಸ್ಟ್ರಾಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ಎಲ್ಲರೂ ಕಂಡಿರುವ ಸಾಮಾನ್ಯ ಕೀಬೋರ್ಡ್. ಪಿಯಾನೊ, ಕೊಳಲು, ಪಿಟೀಲು ಮುಂತಾದ ನೂರಾರು ಸಿದ್ಧ ಸದ್ದುಗಳು, ತಾಳದ ಪಟ್ಟುಗಳು, ಸ್ಪೀಕರು ಎಲ್ಲವೂ ಅದರೊಳಗೇ ಇವೆ. ಯಮಾಹಾ, ಕ್ಯಾಸಿಯೊ ಕಂಪನಿಗಳು ಭಾರತಕ್ಕೆಂದೇ ತಬಲಾ, ತಂಬೂರಿ ಸದ್ದುಗಳಿರುವ ಮಾದರಿಗಳನ್ನೂ ತಂದಿವೆ.

ಎರಡನೆಯದು ಸಿಂಥಸೈಸರ್. ಇದು ಸದ್ದನ್ನು ತಯಾರಿಸುವ ಯಂತ್ರ. ಒಳಗಿನ ವಿದ್ಯುತ್ ಮಂಡಲ ಒಂದು ಒರಟು ನಾದವನ್ನು ಹುಟ್ಟಿಸುತ್ತದೆ. ಅದರಲ್ಲಿ ಎಷ್ಟನ್ನು ಸೋಸಿ ತೆಗೆಯಬೇಕು, ಸದ್ದು ಥಟ್ಟನೆ ನಿಲ್ಲಬೇಕೇ ಅಥವಾ ತಂಬೂರಿಯ ತಂತಿಯಂತೆ ನಿಧಾನಕ್ಕೆ ಕರಗಬೇಕೇ ಎಂಬುದನ್ನೆಲ್ಲ ಗುಬುಟುಗಳನ್ನು ತಿರುಗಿಸಿ ನುಡಿಸುವವನೇ ನಿರ್ಧರಿಸುತ್ತಾನೆ. ಹೆಚ್ಚಿನವುಗಳಲ್ಲಿ ಸ್ಪೀಕರ್ ಇರುವುದಿಲ್ಲ. ಒಮ್ಮೆಗೆ ಎಷ್ಟು ಸ್ವರ ನುಡಿಯುತ್ತದೆ ಎಂಬುದನ್ನೂ ನೋಡಬೇಕು. ಕೊರ್ಗ್ ಕಂಪನಿಯ ಮೊನೊಲಾಗ್ ಒಂದು ಬಾರಿಗೆ ಒಂದೇ ಸ್ವರ ನುಡಿಸುತ್ತದೆ. 2016ರಲ್ಲಿ ಬಂದ ಅದೇ ಕಂಪನಿಯ ಮಿನಿಲಾಗ್ ನಾಲ್ಕು ಸ್ವರ ನುಡಿಸುತ್ತದೆ. ಮೂರು ಸ್ವರ ಕೂಡಿಸಿ ಒತ್ತುವ ಹಾಡಿಗೆ ಮೊದಲನೆಯದು ಒದಗದು.

ಮೂರನೆಯದು, ಆ ಮನೆಗೆ ಬಂದ ಮಿಡಿ ಕೀಬೋರ್ಡ್. ಇದರಲ್ಲಿ ಸದ್ದಿನ ಹನಿಯೂ ಇಲ್ಲ. ಯಾವ ಕೀ ಒತ್ತಲಾಯಿತು, ಎಷ್ಟು ಜೋರಾಗಿ, ಯಾವಾಗ ಬಿಡಲಾಯಿತು ಎಂಬ ಸುದ್ದಿಯನ್ನು ಮಾತ್ರ ಇದು ಅಂಕಿಗಳಲ್ಲಿ ಕಳಿಸುತ್ತದೆ. ಸ್ವರಗಳಿಗೆ 0ಯಿಂದ 127ರವರೆಗೆ ಅಂಕಿಗಳಿವೆ. ಪಿಯಾನೊದ ನಡುಮಧ್ಯದ 'ಸಿ' ಸ್ವರದ ಅಂಕಿ 60. ಹಾಡಿನ ಸ್ವರಪ್ರಸ್ತಾರ ಬರೆದ ಕಾಗದ ಹಾಡಲಾರದು, ಅದನ್ನು ನೋಡಿ ಹಾಡುವವರು ಬೇಕು. ಮಿಡಿಯೂ ಹಾಗೆಯೇ. ಹಾಡುವ ಕೆಲಸವನ್ನು ಕಂಪ್ಯೂಟರೋ ಇನ್ನೊಂದು ಸಿಂಥಸೈಸರೋ ಮಾಡಬೇಕು.

ಈ ಸುದ್ದಿಯ ಭಾಷೆಗೂ ಒಂದು ಕಥೆಯಿದೆ. ಎಂಬತ್ತರ ದಶಕದ ಆರಂಭದಲ್ಲಿ ಒಂದು ಕಂಪನಿಯ ವಾದ್ಯಕ್ಕೆ ಇನ್ನೊಂದು ಕಂಪನಿಯ ವಾದ್ಯದ ಮಾತು ತಿಳಿಯುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಥಾಪಕ ಇಕುಟಾರೊ ಕಾಕೆಹಾಶಿ ಮುಂತಾದವರು ಸೇರಿ ಎಲ್ಲ ಕಂಪನಿಗಳಿಗೂ ಒಪ್ಪಿಗೆಯಾಗುವ ನಿಯಮ ರೂಪಿಸಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ಪ್ರದರ್ಶನವೊಂದರಲ್ಲಿ ಇಬ್ಬರ ಕಂಪನಿಗಳ ವಾದ್ಯಗಳನ್ನು ಒಂದೇ ತಂತಿಯಿಂದ ಜೋಡಿಸಿ ತೋರಿಸಲಾಯಿತು. ಈ ಸಾಧನೆಗೆ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು. ಅಂದಿನ ಭಾಷೆಯೇ ಇಂದಿಗೂ ನಡೆಯುತ್ತಿರುವುದರಿಂದ ಪೋಷಕರಿಗೂ ಒಂದು ಲಾಭವಿದೆ. ಅಟ್ಟದ ಮೇಲಿರುವ ಅಣ್ಣನ ಹಳೆಯ ಕೀಬೋರ್ಡಿನ ಹಿಂಬದಿಯಲ್ಲಿ ಐದು ರಂಧ್ರಗಳ ದುಂಡನೆಯ ಮಿಡಿ ಕಿಂಡಿಯೋ, ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕಿಂಡಿಯೋ ಇದೆಯೇ ನೋಡಿ. ಇದ್ದರೆ ಅದೇ ಮಿಡಿ ಕೀಬೋರ್ಡ್! ಹೊಸದನ್ನು ಕೊಳ್ಳುವ ಅಗತ್ಯವೇ ಬೀಳದಿರಬಹುದು.

ಹಾಗಾದರೆ ಮೂರರಲ್ಲಿ ಯಾವುದು ಬೇಕು? ಉತ್ತರ ಅಂಗಡಿಯಲ್ಲಿಲ್ಲ, ಮಗುವಿನ ಬಳಿ ಇದೆ. ಹಾಡು ನುಡಿಸಬೇಕು, ವೇದಿಕೆ ಏರಬೇಕು, ಕೀಬೋರ್ಡ್ ಪರೀಕ್ಷೆಗೆ ಕೂರಬೇಕು ಎಂದರೆ ಸಾಮಾನ್ಯ ಕೀಬೋರ್ಡ್ ಸರಿ. ಪರೀಕ್ಷೆಗಾದರೆ ಎಷ್ಟು ಕೀಗಳ ವಾದ್ಯ ಬೇಕೆಂದು ಶಿಕ್ಷಕರನ್ನು ಮೊದಲೇ ವಿಚಾರಿಸಬೇಕು. ತಾಳ, ರಾಗ, ಹಿನ್ನೆಲೆಗಳನ್ನು ಕಂಪ್ಯೂಟರಿನಲ್ಲಿ ಪದರಪದರವಾಗಿ ಜೋಡಿಸಿ ಸ್ವಂತ ಸಂಗೀತ ಕಟ್ಟಬೇಕು ಎಂದರೆ ಮಿಡಿ ಕೀಬೋರ್ಡ್. ಸದ್ದು ಹೇಗೆ ಹುಟ್ಟುತ್ತದೆ ಎಂಬುದೇ ಕುತೂಹಲವಾದರೆ ಸಿಂಥಸೈಸರ್. ಆದರೆ ಇದಕ್ಕೂ ಮೊದಲ ದಿನವೇ ಹಣ ಸುರಿಯಬೇಕಿಲ್ಲ. ವೈಟಲ್, ಸರ್ಜ್, ಡೆಕ್ಸೆಡ್ ಎಂಬ ಸಿಂಥಸೈಸರ್ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಡೆಕ್ಸೆಡ್ ಅಂತೂ 1983ರ ಪ್ರಸಿದ್ಧ ಯಮಾಹಾ ಡಿಎಕ್ಸ್ 7 ವಾದ್ಯದ ತದ್ರೂಪು. ಇವುಗಳಲ್ಲಿ ಕಲಿತದ್ದು ನಾಳೆ ನಿಜವಾದ ವಾದ್ಯಕ್ಕೂ ಒದಗುತ್ತದೆ.

ಮಿಡಿ ಕೀಬೋರ್ಡೆಂದು ತೀರ್ಮಾನವಾದರೆ ನೋಡತಕ್ಕ ಅಂಶಗಳು ಮೂರು. ಮೊದಲನೆಯದು ಕೀಗಳ ಸಂಖ್ಯೆ ಮತ್ತು ಅಳತೆ. 25 ಕೀಗಳೆಂದರೆ ಎರಡು ಸ್ಥಾಯಿ. 49 ಎಂದರೆ ನಾಲ್ಕು. 61 ಎಂದರೆ ಐದು. ಅಕಾಯ್ ಎಂಪಿಕೆ ಮಿನಿ, ಆರ್ಟೂರಿಯಾ ಮಿನಿಲ್ಯಾಬ್, ನೊವೇಶನ್ ಲಾಂಚ್‌ಕೀ ಮಿನಿ ಮುಂತಾದ ಪುಟ್ಟ ಮಾದರಿಗಳು ಓದುವ ಮೇಜಿನ ಮೂಲೆಯಲ್ಲಿ ಕೂರುತ್ತವೆ. ಆದರೆ ಅವುಗಳ ಕೀಗಳು ಕಿರಿದು. ಪಿಯಾನೊ ತರಗತಿಗೆ ಹೋಗುವ ಮಕ್ಕಳ ಬೆರಳಿಗೆ ಎರಡು ಅಳತೆಗಳು ಗೊಂದಲ ತಂದಾವು. ಅಂಥವರಿಗೆ 49 ಪೂರ್ಣ ಅಳತೆಯ ಕೀಗಳ ಸರಳ ಮಾದರಿಯೇ ಲೇಸು. ಎರಡು ಕೈಯಲ್ಲಿ ನುಡಿಸಲು ಎರಡು ಸ್ಥಾಯಿ ಸಾಲದು ಎಂಬುದೂ ನೆನಪಿರಲಿ.

ಎರಡನೆಯದು ಒತ್ತಡದ ಅರಿವು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯಬೇಕು. ಈ ಗುಣವಿಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ.

ಮೂರನೆಯದು ಸ್ವರವನ್ನು ಬಾಗಿಸುವ ಚಕ್ರ. ನಮ್ಮ ಸಂಗೀತ ಕಲಿತ ಮಕ್ಕಳಿಗೆ ಇದು ಮುಖ್ಯ. ಗಮಕ ಬರುವುದಿಲ್ಲ, ಸ್ವರ ಬಾಗುವುದಿಲ್ಲ ಎಂಬ ದೂರಿನ ಮೇಲೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನೇ ಹೊರಗಿಟ್ಟಿತ್ತು. ಆ ನಿರ್ಬಂಧ ಸಡಿಲಗೊಂಡದ್ದು 1971ರಲ್ಲಿ. ಮಿಡಿ ಕೀಬೋರ್ಡಿನ ಎಡಬದಿಯ ಚಕ್ರ ಆ ದೂರಿಗೆ ಸ್ವಲ್ಪಮಟ್ಟಿನ ಸಮಾಧಾನ. ಸಾಮಾನ್ಯವಾಗಿ ಅದು ಸ್ವರವನ್ನು ಎರಡು ಅರ್ಧಸ್ವರಗಳಷ್ಟು ಮೇಲೆ ಕೆಳಗೆ ಜಾರಿಸುತ್ತದೆ. ತಂತ್ರಾಂಶದಲ್ಲಿ ಈ ಮಿತಿಯನ್ನು ಹೆಚ್ಚಿಸಿಕೊಳ್ಳಬಹುದು. ಪುಟ್ಟ ಮಾದರಿಗಳಲ್ಲಿ ಚಕ್ರದ ಬದಲು ಸ್ಪರ್ಶಪಟ್ಟಿಯೋ ಚಿಕ್ಕ ಕಡ್ಡಿಯೋ ಇರುವುದುಂಟು. ಅಂಗಡಿಯಲ್ಲಿ ಮಗುವಿನ ಕೈಯಿಂದಲೇ ಒಂದು ಜಾರು ನುಡಿಸಿ ನೋಡುವುದು ಒಳ್ಳೆಯದು.

ಮನೆಯ ಕಂಪ್ಯೂಟರಿನ ಕಡೆಗೂ ಗಮನ ಬೇಕು. ಕೀ ಒತ್ತಿ ತುಸು ಹೊತ್ತಾದ ಮೇಲೆ ಸದ್ದು ಬಂದರೆ ವಾದ್ಯ ಕೆಟ್ಟಿದೆ ಎಂದು ಹಲವರು ಹಿಂತಿರುಗಿಸುತ್ತಾರೆ. ತಪ್ಪು ವಾದ್ಯದ್ದಲ್ಲ. ಕಂಪ್ಯೂಟರ್ ಸದ್ದನ್ನು ತುಂಡುತುಂಡಾಗಿ ಕೂಡಿಟ್ಟು ಹೊರಬಿಡುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 1,024 ಮಾದರಿಗಳನ್ನು ಕೂಡಿಟ್ಟರೆ 23 ಮಿಲಿಸೆಕೆಂಡ್ ತಡ. 256ಕ್ಕೆ ಇಳಿಸಿದರೆ ಸುಮಾರು 6 ಮಾತ್ರ. ತಂತ್ರಾಂಶದಲ್ಲಿ 'ಬಫರ್' ಎಂಬ ಕಡೆ ಇದನ್ನು ಬದಲಿಸಬಹುದು. ವಿಂಡೋಸ್ ಕಂಪ್ಯೂಟರಿಗೆ 'ಆಸಿಯೊ' ಡ್ರೈವರ್ ಹಾಕಿದರೆ ಇನ್ನೂ ಅನುಕೂಲ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಈ ಕೆಲಸಕ್ಕೆ ಸಲ್ಲದು. ಅದರ ತಡ ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ವೈರಿರುವ ಸಾಧಾರಣ ಹೆಡ್‌ಫೋನೇ ವಾಸಿ. ನೆರೆಮನೆಯವರಿಗೂ ನೆಮ್ಮದಿ!

ದುಬಾರಿ ವಾದ್ಯ ತಂದರೆ ದೊಡ್ಡ ಸಂಗೀತ ಬಂದೀತೆಂಬ ನಂಬಿಕೆಯೂ ಬೇಡ. ರೋಲ್ಯಾಂಡ್ ಕಂಪನಿಯ ಟಿಬಿ 303 ಎಂಬ ಪುಟ್ಟ ಬೆಳ್ಳಿಬಣ್ಣದ ಯಂತ್ರವನ್ನು ಗಿಟಾರ್ ಕಲಿಯುವವರಿಗೆ ಬೇಸ್ ಗಿಟಾರಿನ ಜೊತೆ ಒದಗಿಸಲೆಂದು ತಯಾರಿಸಲಾಗಿತ್ತು. ಅದು ಮಾರಾಟವಾಗದೆ 1984ರಲ್ಲಿ ತಯಾರಿಕೆಯೇ ನಿಂತಿತು. ಆದರೆ ಹಿಂದಿ ಚಿತ್ರರಂಗದ ವಾದ್ಯಗಾರ ಚರಣ್‌ಜಿತ್ ಸಿಂಗ್ ಮುಂಬಯಿಯಲ್ಲಿ 1982ರಲ್ಲೇ ಅದನ್ನು ಇನ್ನೆರಡು ಯಂತ್ರಗಳೊಡನೆ ಜೋಡಿಸಿ, ಡಿಸ್ಕೊ ತಾಳದ ಮೇಲೆ ಹತ್ತು ರಾಗಗಳ ಧ್ವನಿಮುದ್ರಿಕೆ ಮಾಡಿದ್ದರು. ಅಮೆರಿಕದ ಷಿಕಾಗೊ ನಗರದ ಯುವಕರು ಅದೇ ಯಂತ್ರದಿಂದ ಹೊಸ ನೃತ್ಯಸಂಗೀತವೊಂದನ್ನು ಹುಟ್ಟಿಸಿದ್ದು 1987ರ ಸುಮಾರಿಗೆ. ಸಿಂಗ್ ಅವರ ಕೆಲಸವನ್ನು ಲೋಕ ಗುರುತಿಸಿದ್ದು 2010ರಲ್ಲಿ ಅದು ಮರುಬಿಡುಗಡೆಯಾದಾಗ. ಮಾರುಕಟ್ಟೆ ಬೇಡವೆಂದ ಯಂತ್ರದಲ್ಲಿ ಅವರಿಗೆ ರಾಗ ಕಂಡಿತ್ತು. ಏಕೆಂದರೆ ರಾಗ ಮೊದಲೇ ಅವರಲ್ಲಿತ್ತು.

ಕೊನೆಗೊಂದು ಸುಲಭದ ಪರೀಕ್ಷೆ. ಹಲವು ಸಂಗೀತ ತಂತ್ರಾಂಶಗಳಲ್ಲಿ ಕಂಪ್ಯೂಟರಿನ ಅಕ್ಷರದ ಕೀಗಳನ್ನೇ ಸ್ವರದ ಕೀಗಳನ್ನಾಗಿ ಬಳಸಬಹುದು. ಕೊಳ್ಳುವ ಮುನ್ನ ಒಂದು ತಿಂಗಳು ಮಗು ಹಾಗೆಯೇ ನುಡಿಸಲಿ. ಒಂದು ನಿಮಿಷದ ಸ್ವಂತ ಸಂಗೀತವನ್ನಾದರೂ ಮುಗಿಸಿ ಮನೆಯವರಿಗೆ ಕೇಳಿಸಲಿ. 'ಈ ಕೀಗಳಲ್ಲಿ ಮೆಲ್ಲಗೆ ನುಡಿಸಲು ಬರುವುದಿಲ್ಲ, ಸ್ವರ ಜಾರಿಸಲು ಆಗುವುದಿಲ್ಲ' ಎಂದು ಮಗುವೇ ದೂರಿದ ದಿನ ಅಂಗಡಿಗೆ ಹೋಗಲು ಒಳ್ಳೆಯ ಮುಹೂರ್ತ. ಅಂದು ಏನು ಕೊಳ್ಳಬೇಕೆಂಬುದು ತಂದೆಗಿಂತ ಚೆನ್ನಾಗಿ ಮಗಳಿಗೇ ಗೊತ್ತಿರುತ್ತದೆ.