ಬೋರ್ಡ್ ಬದಲಾದರೆ ಸಾಕೇ, ಕೆಲಸ ಬದಲಾಗಬೇಡವೇ?

ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿರುವ ನಮ್ಮಂಥವರಿಗೆ ಮೊದಲ ಕೆಲಸ ಸಿಕ್ಕರೆ ಸಾಕು ಅನಿಸಿರುತ್ತದೆ. ನಮಗಿಂತ ನಾಲ್ಕೈದು ವರ್ಷ ಮುಂದಿರುವವರನ್ನು ಕೇಳಿ ನೋಡಿ, ಅವರ ತಲೆ ತಿನ್ನುತ್ತಿರುವ ಪ್ರಶ್ನೆಯೇ ಬೇರೆ. ಇರುವ ಕಂಪನಿ ಬಿಟ್ಟು ಅದಕ್ಕಿಂತ ದೊಡ್ಡ ಹೆಸರಿನ ಎದುರಾಳಿ ಕಂಪನಿಗೆ ಹೋಗಬೇಕೇ, ಬೇಡವೇ?

ನಮ್ಮ ಮನೆಯಲ್ಲೂ ಎರಡು ವಾರದಿಂದ ಇದೇ ಚರ್ಚೆ. ಅಕ್ಕ ನಾಲ್ಕು ವರ್ಷ ಮೂರು ತಿಂಗಳಿಂದ ಮಧ್ಯಮ ಗಾತ್ರದ ಕನ್ಸಲ್ಟಿಂಗ್ ಕಂಪನಿಯೊಂದರಲ್ಲಿದ್ದಾಳೆ. ಈಗ ಅದೇ ಕ್ಷೇತ್ರದ, ಜಗತ್ತೇ ಬಲ್ಲ ಕಂಪನಿಯಿಂದ ಆಫರ್ ಲೆಟರ್ ಬಂದಿದೆ. ಉತ್ತರ ಕೊಡಲು ಇನ್ನು ಕೆಲವೇ ದಿನ ಉಳಿದಿದೆ. ಅವಳ ಗೆಳತಿಯರೆಲ್ಲ ‘ಯೋಚಿಸೋದೇನಿದೆ, ಹೋಗು’ ಅನ್ನುತ್ತಿದ್ದಾರೆ. ತಮಾಷೆ ಎಂದರೆ, ಟಿ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಈ ಎರಡೂ ಕಂಪನಿಗಳ ಹೆಸರು ಯಾರಿಗೂ ಗೊತ್ತಿಲ್ಲ. ‘ಇನ್ಫೊಸಿಸ್, ವಿಪ್ರೊ ಕೇಳಿದ್ದೀವಿ, ಇದ್ಯಾವುದಮ್ಮ?’ ಎಂದು ಪಕ್ಕದ ಮನೆಯ ಆಂಟಿ ಕೇಳಿದರು. ಪ್ರತಿಷ್ಠೆಗೂ ಒಂದು ಸರಹದ್ದು ಇರುತ್ತದೆ ಅನ್ನುವುದು ಅವತ್ತು ನನಗೆ ಅರ್ಥವಾಯಿತು.

ಹಾಗೆಂದು ಹೆಸರಿಗೆ ಬೆಲೆಯೇ ಇಲ್ಲ ಎನ್ನುವುದು ಸುಳ್ಳು. ಪೀಣ್ಯದ ವರ್ಕ್‌ಶಾಪ್‌ನಲ್ಲಿ ಟರ್ನರ್ ಕೆಲಸ ಕೇಳಿಕೊಂಡು ಹೋದರೆ, ಮೊದಲು ಎಲ್ಲಿದ್ದೆ ಎಂದು ಹೆಚ್ಚು ವಿಚಾರಿಸುವುದಿಲ್ಲ. ಒಂದು ಜಾಬ್ ಕೈಗೆ ಕೊಟ್ಟು ಮಾಡು ಅನ್ನುತ್ತಾರೆ, ಆಮೇಲೆ ಮೈಕ್ರೋಮೀಟರ್ ಹಿಡಿದು ಅಳೆಯುತ್ತಾರೆ. ಅಳತೆ ಸರಿ ಬಂದರೆ ಕೆಲಸ ಸಿಕ್ಕಿತು. ಆದರೆ ಕನ್ಸಲ್ಟಿಂಗ್ ಕಂಪನಿ ಮಾರುವುದು ಸಲಹೆಯನ್ನು. ಸಲಹೆಯನ್ನು ಅಳೆಯುವ ಮೈಕ್ರೋಮೀಟರ್ ಇನ್ನೂ ಬಂದಿಲ್ಲ. ಕೊಂಡುಕೊಳ್ಳುವ ಗ್ರಾಹಕ ಹೆಸರು ನೋಡಿ ನಂಬುತ್ತಾನೆ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಎಂಬ ‘ಬಿಗ್ ಫೋರ್’ ಹೆಸರುಗಳ ಶಕ್ತಿ ಇರುವುದು ಅಲ್ಲೇ. ನೌಕರನ ರೆಸ್ಯೂಮೆಯನ್ನು ಓದುವವರೂ ಹೀಗೆಯೇ ಓದುತ್ತಾರೆ.

ಇನ್ನೊಂದು ಮಾತು. ಬ್ರ್ಯಾಂಡ್ ಮುಖ್ಯವಲ್ಲ, ಕೌಶಲ ಮುಖ್ಯ ಎಂದು ಉಪದೇಶ ಮಾಡುವವರಲ್ಲಿ ಅನೇಕರ ರೆಸ್ಯೂಮೆಯಲ್ಲಿ ಐಐಟಿ, ಐಐಎಂ ಮೊದಲೇ ಇರುತ್ತದೆ. ಹೆಸರೇ ಕೇಳಿರದ ಕಾಲೇಜಿನಿಂದ ವಿಟಿಯು ಪದವಿ ಹಿಡಿದು ಹೊರಬರುವ, ಕಾರ್ಖಾನೆ ಕಾರ್ಮಿಕರ ಮಕ್ಕಳಾದ ನಮಗೆ ಒಂದು ದೊಡ್ಡ ಹೆಸರು ಮುಚ್ಚಿದ ಬಾಗಿಲನ್ನು ತೆರೆಯಬಲ್ಲದು. ಅಕ್ಕನ ಆಸೆಯನ್ನು ಶೋಕಿ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

ಆದರೆ ದೂರದ ಬೆಟ್ಟವನ್ನು ಹತ್ತಿರದಿಂದಲೂ ಒಮ್ಮೆ ನೋಡಬೇಕಲ್ಲ. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಈಗಿನ ಪ್ಯಾಕೇಜ್ ವರ್ಷಕ್ಕೆ ₹9 ಲಕ್ಷ, ಹೊಸದು ₹12 ಲಕ್ಷ. ಕೇಳಿದ ತಕ್ಷಣ ಮೂರು ಲಕ್ಷ ಹೆಚ್ಚು ಅನಿಸುತ್ತದೆ. ಅದರಲ್ಲಿ ₹1 ಲಕ್ಷ ಜಾಯ್ನಿಂಗ್ ಬೋನಸ್, ಒಂದೇ ಸಲ ಬರುವುದು. ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು. ₹1.5 ಲಕ್ಷ ವೇರಿಯಬಲ್ ಪೇ, ಪೂರ್ತಿ ಬರುವ ಖಾತ್ರಿಯಿಲ್ಲ. ಉಳಿದದ್ದು ₹9.5 ಲಕ್ಷ. ಈಗಿನ ಸಂಬಳದಲ್ಲಿ ಖಚಿತವಾಗಿ ಸಿಗುವುದು ₹8.6 ಲಕ್ಷ. ಅಂದರೆ ನಿಜವಾದ ಹೆಚ್ಚಳ ವರ್ಷಕ್ಕೆ ₹90 ಸಾವಿರ, ತಿಂಗಳಿಗೆ ₹7,500. ಅದೂ ತೆರಿಗೆಗೆ ಮೊದಲು.

ಗ್ರಾಚ್ಯುಟಿಯ ಮಾತು ಯಾರೂ ಎತ್ತುವುದಿಲ್ಲ. ಕಾಯಂ ನೌಕರರಿಗೆ ಅದು ಸಿಗುವುದು ಐದು ವರ್ಷದ ಸೇವೆಯ ನಂತರ, ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ. ಮೂಲವೇತನ ₹30 ಸಾವಿರ ಇದ್ದರೆ ಐದು ವರ್ಷಕ್ಕೆ ಸುಮಾರು ₹86 ಸಾವಿರ. ಒಂಬತ್ತು ತಿಂಗಳು ಮೊದಲೇ ಎದ್ದು ಹೋದರೆ ಅದನ್ನು ಮರೆಯಬೇಕು. ಪಿಎಫ್ ಹಾಗಲ್ಲ, ಯುಎಎನ್ ಒಂದೇ ಇರುವುದರಿಂದ ಹೊಸ ಕಂಪನಿಗೆ ವರ್ಗವಾಗುತ್ತದೆ. ಅದನ್ನು ಬಿಡಿಸಿಕೊಂಡು ಖರ್ಚು ಮಾಡದಿದ್ದರೆ ಸರಿ.

ದಾರಿಯ ಲೆಕ್ಕವೂ ಇದೆ. ಈಗ ಅವಳು ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ ಸೋಪ್ ಫ್ಯಾಕ್ಟರಿಯಲ್ಲಿ ಇಳಿಯುತ್ತಾಳೆ. ಹೊಸ ಕಚೇರಿ ವೈಟ್‌ಫೀಲ್ಡ್‌ನಲ್ಲಿ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಪೂರ್ತಿ ತೆರೆದಿರುವುದರಿಂದ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಹೋಗಬಹುದು ನಿಜ, ಆದರೂ ಒಂದು ಬದಿಗೆ ಒಂದೂವರೆ ಗಂಟೆಯಾದರೂ ಬೇಕು. ಪಿಜಿ ಹಿಡಿದರೆ ಆ ₹7,500ಕ್ಕೆ ಮೇಲಷ್ಟು ಸೇರಿಸಿ ಕೊಡಬೇಕು.

ಇನ್ನು ಕರಾರುಪತ್ರ. ಪ್ರತಿಸ್ಪರ್ಧಿ ಕಂಪನಿಗೆ ಹೋಗುವುದನ್ನು ಯಾವ ಕಂಪನಿಯೂ ಸಂತೋಷದಿಂದ ನೋಡುವುದಿಲ್ಲ. 2022ರಲ್ಲಿ ಜನ ಗುಂಪುಗುಂಪಾಗಿ ಕಂಪನಿ ಬದಲಿಸುತ್ತಿದ್ದ ಹೊತ್ತಿನಲ್ಲಿ, ಜೂನ್ ತ್ರೈಮಾಸಿಕಕ್ಕೆ ಇನ್ಫೊಸಿಸ್ ಹೇಳಿಕೊಂಡ ನೌಕರರ ನಿರ್ಗಮನ ಪ್ರಮಾಣ ಶೇ 28.4. ತಾವು ಕೆಲಸ ಮಾಡಿದ ಗ್ರಾಹಕರಿಗಾಗಿ ಟಿಸಿಎಸ್, ಆಕ್ಸೆಂಚರ್, ಐಬಿಎಂ, ಕಾಗ್ನಿಜೆಂಟ್, ವಿಪ್ರೊ ಸೇರಿ ಆರು ತಿಂಗಳು ದುಡಿಯಬಾರದು ಎಂಬ ಅದರ ಷರತ್ತಿನ ವಿರುದ್ಧ ಅದೇ ವರ್ಷ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಹೋಗಿತ್ತು. 2023ರಲ್ಲಿ ವಿಪ್ರೊದ ಮುಖ್ಯ ಹಣಕಾಸು ಅಧಿಕಾರಿ ಕಾಗ್ನಿಜೆಂಟ್‌ಗೆ ಹೋದಾಗ ವಿಷಯ ಬೆಂಗಳೂರಿನ ನ್ಯಾಯಾಲಯದವರೆಗೂ ಹೋಗಿ, ಮರುವರ್ಷ ರಾಜಿಯಲ್ಲಿ ಮುಗಿಯಿತು.

1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೂ ನಮ್ಮ ವೃತ್ತಿಯನ್ನೇ ಮಾಡದಂತೆ ತಡೆಯುವ ಒಪ್ಪಂದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಗೆಂದು ಸಹಿ ಹಾಕಿದ್ದೆಲ್ಲ ಬರೀ ಕಾಗದ ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ, 2009ರಲ್ಲಿ, ಐಡಿಬಿಐ ಬ್ಯಾಂಕಿಗೆ ಹೋದರು. ಬಾಂಡ್ ಪ್ರಕಾರ ₹2 ಲಕ್ಷ ಕಟ್ಟಿ, ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್‌ನಲ್ಲಿ ಅವರು ಗೆದ್ದರು. ಆದರೆ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಸಹಿ ಹಾಕುವ ದಿನವೇ ಓದಿಕೊಳ್ಳಬೇಕಾದ ಪಾಠ ಇದು.

ಹಣ, ದಾರಿ, ಕರಾರು ಎಲ್ಲ ಲೆಕ್ಕ ಹಾಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನನ್ನ ಪ್ರಕಾರ ಅದೇ ಮುಖ್ಯ: ಅಲ್ಲಿ ಹೋಗಿ ಮಾಡುವುದೇನು? ನಮ್ಮಪ್ಪ ಪೀಣ್ಯದಲ್ಲಿ ಮೂರು ಸಲ ಫ್ಯಾಕ್ಟರಿ ಬದಲಿಸಿದ್ದಾರೆ. ಯಾಕೆ ಎಂದು ಕೇಳಿದ್ದಕ್ಕೆ, ‘ನಾನು ಮುಟ್ಟಿರದ ಮೆಷಿನ್ ಅಲ್ಲಿತ್ತು ಕಣೋ’ ಎಂದರು. ಲೇತ್‌ನಿಂದ ಸಿಎನ್‌ಸಿಗೆ, ಅಲ್ಲಿಂದ ವಿಎಂಸಿಗೆ. ಒಂದು ಸಲವಂತೂ ಇದ್ದದ್ದಕ್ಕಿಂತ ಚಿಕ್ಕ ಶೆಡ್‌ಗೇ ಹೋಗಿದ್ದರಂತೆ.

ಅಪ್ಪನ ಈ ಅಳತೆಗೋಲು ಕನ್ಸಲ್ಟಿಂಗ್‌ಗೂ ಹೊಂದುತ್ತದೆ. 1981ರಲ್ಲಿ ನಾರಾಯಣಮೂರ್ತಿ ಮತ್ತು ಸಂಗಡಿಗರು ಪಟ್ನಿ ಕಂಪ್ಯೂಟರ್ಸ್ ಬಿಟ್ಟಾಗ ಹೋದದ್ದು ದೊಡ್ಡ ಹೆಸರಿನತ್ತ ಅಲ್ಲ. ಇನ್ಫೊಸಿಸ್ ಅಂದರೆ ಆಗ ಯಾರಿಗೂ ಗೊತ್ತಿರಲಿಲ್ಲ. ಇನ್ನು ದೊಡ್ಡ ಹೆಸರು ಶಾಶ್ವತವೂ ಅಲ್ಲ. ಬಿಗ್ ಫೋರ್ ಮೊದಲು ‘ಬಿಗ್ ಫೈವ್’ ಆಗಿತ್ತು. ಐದನೆಯದು 1913ರಲ್ಲಿ ಶುರುವಾದ ಆರ್ಥರ್ ಆಂಡರ್ಸನ್. ಎನ್ರಾನ್ ಹಗರಣದ ನಂತರ 2002ರಲ್ಲಿ ಅದು ಕುಸಿದುಬಿತ್ತು. ಜಗತ್ತಿನಾದ್ಯಂತ ಅಲ್ಲಿದ್ದ ಸುಮಾರು 85 ಸಾವಿರ ಜನರ ಪಾಲಿಗೆ ಆ ಹೆಸರು ಕೆಲವೇ ತಿಂಗಳಲ್ಲಿ ಹೆಮ್ಮೆಯಿಂದ ಹೊರೆಯಾಯಿತು. ಕೈಯಲ್ಲಿ ಕೆಲಸವಿದ್ದವರು ಬೇರೆಡೆ ನೆಲೆ ಕಂಡುಕೊಂಡರು.

ಅಕ್ಕ ಈಗಿನ ಕಂಪನಿಯಲ್ಲಿ ಗ್ರಾಹಕರ ಎದುರು ಕೂತು ಮಾತಾಡುತ್ತಾಳೆ, ಮೂವರ ತಂಡ ನೋಡಿಕೊಳ್ಳುತ್ತಾಳೆ. ಹೊಸ ಕಂಪನಿ ಕೊಡುತ್ತಿರುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ. ‘ನನ್ನ ಕೆಲಸ ಏನಿರುತ್ತದೆ?’ ಎಂದು ಅವಳು ಕೇಳಿದ್ದಕ್ಕೆ ಎಚ್‌ಆರ್ ಕಡೆಯಿಂದ ಬಂದ ಉತ್ತರ, ‘ಸೇರಿದ ಮೇಲೆ ಪ್ರಾಜೆಕ್ಟ್ ನೋಡಿ ಹೇಳುತ್ತೇವೆ’. ಬೆಂಚ್ ಮೇಲೆ ಕೂರಿಸಿದರೆ ಎಷ್ಟು ದಿನ ಎಂಬುದಕ್ಕೂ ಉತ್ತರವಿಲ್ಲ.

ಹಾಗಾಗಿ ನನ್ನ ಅಭಿಪ್ರಾಯವನ್ನು ಅವಳಿಗೆ ಹೇಳಿದ್ದೇನೆ. ಈಗಿರುವ ಮಟ್ಟದ ಹುದ್ದೆ ಮತ್ತು ಮಾಡಬೇಕಾದ ಕೆಲಸ ಯಾವುದೆಂದು ಬರಹದಲ್ಲಿ ಕೇಳು. ಕೊಟ್ಟರೆ ಗ್ರಾಚ್ಯುಟಿ ಹೋದರೂ ಚಿಂತೆಯಿಲ್ಲ, ಹೋಗು. ಕೊಡದಿದ್ದರೆ ಒಂಬತ್ತು ತಿಂಗಳು ಇಲ್ಲೇ ಕಲಿ, ಐದು ವರ್ಷದ ಅನುಭವ ಹಿಡಿದು ಮತ್ತೆ ಬಾಗಿಲು ತಟ್ಟು. ತೀರ್ಮಾನ ಅವಳದ್ದೇ. ಸಾಲ ಕಟ್ಟುತ್ತಿರುವವಳೂ ಅವಳೇ, ನನ್ನ ಫೀಸು ಕಟ್ಟುತ್ತಿರುವವಳೂ ಅವಳೇ.

ನಾಳೆ ನಮ್ಮ ಸರದಿ ಬರುತ್ತದೆ. ಆಫರ್ ಲೆಟರ್‌ನಲ್ಲಿ ಎಲ್ಲರೂ ಮೊದಲು ನೋಡುವುದು ಕಂಪನಿಯ ಲೋಗೊ, ಆಮೇಲೆ ಸಂಬಳದ ಒಟ್ಟು ಮೊತ್ತ. ನಾವು ಹುದ್ದೆ ಮತ್ತು ಕೆಲಸದ ವಿವರ ಇರುವ ಸಾಲಿನಿಂದ ಓದಲು ಶುರು ಮಾಡೋಣ. ಅಲ್ಲಿ ನಾವು ಮುಟ್ಟಿರದ ಮೆಷಿನ್ ಇದೆಯೇ ಎಂದು ಮೊದಲು ಹುಡುಕೋಣ.